ಫೈನು ಮಾವನಿಗೆ, ಪಾಠ ಅಳಿಯನಿಗೆ

ನಮ್ಮ ಮನೆಯ ಸ್ಕೂಟರಿನ ಆರ್‌ಸಿ ನನ್ನ ಹೆಸರಲ್ಲಿದೆ. ಹಾಗಾಗಿ ಚಲನ್ ಬಂದದ್ದು ನನ್ನ ಮೊಬೈಲಿಗೆ. ಫೋಟೊದಲ್ಲಿ ತಂಗಿಯ ಮಗ, ಹತ್ತೊಂಬತ್ತರ ಹುಡುಗ. ಹಿಂದೆ ಅವನ ಇಬ್ಬರು ಗೆಳೆಯರು. ಮೂರು ತಲೆಗೆ ಒಂದೇ ಹೆಲ್ಮೆಟ್, ಅದೂ ಕನ್ನಡಿಗೆ ನೇತುಬಿದ್ದಿತ್ತು. ಮೊದಲು ನಗು ಬಂತು, ಆಮೇಲೆ ಸಿಟ್ಟು. ಫೋನಿನಲ್ಲೇ ಐದು ನಿಮಿಷದಲ್ಲಿ ದುಡ್ಡು ಕಟ್ಟಿದೆ. ಸಂಜೆ ಅವನನ್ನು ಕೂರಿಸಿ ಬೈದೆ. "ಸರಿ ಮಾವ" ಅಂದ. ಮೂರು ವಾರದಲ್ಲಿ ಇನ್ನೊಂದು ಚಲನ್ ಬಂತು.

ಕೇರಳದಲ್ಲಿ 2023ರ ಜೂನ್ 5ರಿಂದ ಎಐ ಕ್ಯಾಮರಾಗಳು ಫೈನು ಹಾಕಲು ಶುರು ಮಾಡಿದವು. ರಾಜ್ಯದಲ್ಲಿ ಆಗ ಇಟ್ಟದ್ದು 726 ಕ್ಯಾಮರಾ. ಅವಕ್ಕೆ ನಿದ್ದೆಯಿಲ್ಲ, ಪರಿಚಯದ ಮುಖ ನೋಡಿ ಬಿಡುವ ದಾಕ್ಷಿಣ್ಯವೂ ಇಲ್ಲ. ಆದರೆ ಕ್ಯಾಮರಾ ಹಿಡಿಯುತ್ತದೆ ಅಷ್ಟೆ, ಕಲಿಸುವುದಿಲ್ಲ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹುಡುಗರಿಗೆ ಯಾವ ಕಂಬದಲ್ಲಿ ಕ್ಯಾಮರಾ ಇದೆ ಅಂತ ಬಾಯಿಪಾಠ. ಕಂಬ ದಾಟಿತೋ, ಹೆಲ್ಮೆಟ್ ಮತ್ತೆ ಕನ್ನಡಿಗೆ.

ಎರಡನೆಯ ಚಲನ್ ಬಂದ ಮೇಲೆ ನಾನು, ತಂಗಿ, ಊರಿನ ವಾಚನಾಲಯದ ಗೆಳೆಯರೊಬ್ಬರು ಕೂತು ಮಾತಾಡಿದೆವು. ಅವನ ಜೊತೆ ಆ ಇಬ್ಬರನ್ನೂ ಸೇರಿಸಿಕೊಂಡು ಆರು ಆದಿತ್ಯವಾರ ಒಂದು ಸಣ್ಣ ಪಾಠ ನಡೆಸಿದೆವು. ನಾನು ಶಾಲೆಯಲ್ಲಿ ಪಾಠ ಮಾಡುವವನು, ಟ್ರಾಫಿಕ್ ಪರಿಣತನೇನಲ್ಲ. ನಿಮ್ಮ ಮನೆಯಲ್ಲೋ ಊರಿನ ಕ್ಲಬ್ಬಿನಲ್ಲೋ ಹೀಗೆ ಮಾಡಬೇಕು ಅನಿಸಿದರೆ ನಾವು ನಡೆದ ದಾರಿ ಇದು.

ಮೊದಲು: ಚಲನ್ ಅವನೇ ಓದಲಿ, ದುಡ್ಡು ಅವನೇ ಕೊಡಲಿ

ನಾನು ಮಾಡಿದ ದೊಡ್ಡ ತಪ್ಪು ಇದೇ. ದುಡ್ಡು ಕಟ್ಟಿದ್ದು ನಾನು, ನೋವಾದದ್ದು ನನಗೆ. ಅವನಿಗೆ ಒಂದು ಸಂಜೆಯ ಬೈಗುಳ, ಅಷ್ಟೇ ಅಲ್ವಾ? ಹಾಗಾಗಿ ಎರಡನೆಯ ಚಲನ್ ತೆರೆದು ಅವನ ಕೈಗೆ ಕೊಟ್ಟು, ಗಟ್ಟಿಯಾಗಿ ಓದು ಅಂದೆ. ಯಾವ ಜಾಗ, ಎಷ್ಟು ಗಂಟೆ, ಯಾವ ತಪ್ಪು.

ಓದಿಸುವಾಗಲೇ ಕಾನೂನನ್ನೂ ಹೇಳಿ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ ಪ್ರಕಾರ ತ್ರಿಬಲ್ಸ್ ಹೋದರೆ 1,000 ರೂಪಾಯಿ ದಂಡ. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅಮಾನತು ಆಗಬಹುದು. ಹೆಲ್ಮೆಟ್ ಇಲ್ಲದಿದ್ದರೂ ಕಾಯ್ದೆ ಹೇಳುವುದು ಅದನ್ನೇ. ಕೇರಳ ಸರಕಾರ ಹೆಲ್ಮೆಟ್ಟಿನ ದಂಡವನ್ನು ಮಾತ್ರ 500ಕ್ಕೆ ಇಳಿಸಿದೆ. ನಮ್ಮ ಹುಡುಗನಿಗೆ ದುಡ್ಡಿನ ವಿಷಯ ಗೊತ್ತಿತ್ತು. ಲೈಸೆನ್ಸ್ ಹೋಗುವ ವಿಷಯ ಗೊತ್ತೇ ಇರಲಿಲ್ಲ. ದಿನಾ ದೇರಳಕಟ್ಟೆಯ ಕಾಲೇಜಿಗೆ ಹೋಗುವವನಿಗೆ ಮೂರು ತಿಂಗಳು ಅಂದರೆ ಸಣ್ಣದಲ್ಲ.

ಹುಡುಗ ಹದಿನೆಂಟು ದಾಟಿಲ್ಲವಾದರೆ ಪಾಠ ಬೇಕಾದದ್ದು ಅವನಿಗಿಂತ ಮೊದಲು ಮನೆಯವರಿಗೆ. "ಇಲ್ಲೇ ಅಂಗಡಿಗೆ ಹೋಗಿ ಬರಲಿ, ಏನಾಗ್ತದೆ" ಅನ್ನುವ ಮಾತು ನಮ್ಮಲ್ಲಿ ಬಹಳ. ಆಗುವುದು ಇಷ್ಟು: ಅಪ್ಪ ಅಮ್ಮ ಅಥವಾ ವಾಹನದ ಮಾಲೀಕನೇ ತಪ್ಪಿತಸ್ಥ. 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು ಆಗಬಹುದು. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಹದಿನಾರಕ್ಕೆ ಓಡಿಸಬಹುದಲ್ಲಾ ಅಂತ ಕೆಲವರು ವಾದ ಮಾಡುತ್ತಾರೆ. ಅದು 50 ಸಿಸಿ ಒಳಗಿನ ಗಾಡಿಗೆ, ಅದೂ ಲೈಸೆನ್ಸ್ ಇದ್ದರೆ. ಈಗ ಅಂಗಳಗಳಲ್ಲಿ ನಿಂತಿರುವ ಪೆಟ್ರೋಲ್ ಸ್ಕೂಟರುಗಳು ಬಹುಪಾಲು 100 ಸಿಸಿ ದಾಟಿದವು.

ದುಡ್ಡಿನ ವಿಷಯಕ್ಕೆ ಬಂದರೆ, ನಾನು ಕಟ್ಟಿದ್ದನ್ನು ಅವನು ತೀರಿಸಬೇಕು ಅಂತ ಮಾಡಿದೆವು. ಪಾಕೆಟ್ ಮನಿ ಕತ್ತರಿಸಬೇಡಿ, ಅದೂ ನಿಮ್ಮದೇ ದುಡ್ಡು. ಕೆಲಸ ಕೊಡಿ. ನಮ್ಮಲ್ಲಿ ಅಡಕೆ ಸುಲಿಯುವ ಕೆಲಸಕ್ಕೆ ಬರಗಾಲವಿಲ್ಲ.

ಆಮೇಲೆ: ಆ ದಿನದ ಕತೆ ಬರೆಸಿ

ಉಪದೇಶ ಬೇಡ. ಒಂದು ಹಾಳೆ, ಒಂದು ಪೆನ್ನು ಕೊಡಿ. ಎಲ್ಲಿಂದ ಹೊರಟೆ, ಎಲ್ಲಿಗೆ, ಯಾರು ಹಿಂದೆ, ಎಷ್ಟು ಹೊತ್ತಿಗೆ, ಯಾಕೆ ಅವಸರ. ಮಾಡಿದ ತಪ್ಪಿಗಿಂತ ತಪ್ಪಿನ ಹಿಂದಿನ ಅರ್ಧ ಗಂಟೆ ಮುಖ್ಯ.

ಅಳಿಯನ ಹಾಳೆ ಓದಿ ನಾನು ಸುಮ್ಮನಾದೆ. ಅವನಿಗೆ ಅವಸರವೇ ಇರಲಿಲ್ಲ. ವಾಲಿಬಾಲ್ ಪಂದ್ಯ ಮುಗಿಯುವಾಗ ಗೆಳೆಯರ ಕೊನೆಯ ಬಸ್ಸು ಹೋಗಿತ್ತು. ಬಿಟ್ಟು ಬರಲು ಮನಸ್ಸು ಬರಲಿಲ್ಲ. ಅಂದರೆ ಇದು ಪೊಗರಿನ ಕತೆಯಲ್ಲ, ಬಸ್ಸಿನ ಕತೆ. ಇನ್ನೊಬ್ಬನ ಹಾಳೆಯಲ್ಲಿ ಇದ್ದದ್ದು ಬೇರೆ: ರಾತ್ರಿಯಿಡೀ ಯಕ್ಷಗಾನ ನೋಡಿ, ಬೆಳಗಿನ ಜಾವ ಐದಕ್ಕೆ ಬೈಕಿನಲ್ಲಿ ಮನೆಗೆ. ಕಣ್ಣು ಮುಚ್ಚಿ ತೆರೆಯುವಾಗ ಗಾಡಿ ರಸ್ತೆಯ ಆಚೆ ಬದಿಯಲ್ಲಿತ್ತಂತೆ. ಅವನಿಗೆ ಫೈನೇ ಬಿದ್ದಿರಲಿಲ್ಲ. ನನ್ನ ಲೆಕ್ಕದಲ್ಲಿ ಮೂವರ ಪೈಕಿ ದೊಡ್ಡ ಅಪಾಯ ಅದೇ.

ಪ್ರತಿ ಕತೆಯ ಕೆಳಗೆ ಒಂದು ಸಾಲು ಬರೆಸಿ: "ಹೀಗಾದರೆ ಹಾಗೆ ಮಾಡುತ್ತೇನೆ." ಕೊನೆಯ ಬಸ್ಸು ತಪ್ಪಿದರೆ ಮಾವನಿಗೆ ಫೋನ್ ಮಾಡುತ್ತೇನೆ. ಯಕ್ಷಗಾನ ನೋಡಿದ ರಾತ್ರಿ ಬೆಳಕು ಹರಿಯುವ ತನಕ ಅಲ್ಲೇ ಚಾಪೆಯಲ್ಲಿ ಮಲಗಿ ಬರುತ್ತೇನೆ. "ಇನ್ನು ಜಾಗ್ರತೆಯಿಂದ ಇರುತ್ತೇನೆ" ಅನ್ನುವ ಸಾಲು ಬಂದರೆ ಹೊಡೆದು ಹಾಕಿ. ಅದು ಯಾರಿಗೂ ಉಪಯೋಗವಿಲ್ಲ. ಮತ್ತೆ, ಫೋನ್ ಬಂದರೆ ನೀವು ರಾತ್ರಿ ಹನ್ನೊಂದಕ್ಕೂ ಗೊಣಗದೆ ಹೋಗಬೇಕು. ಅದು ನಿಮ್ಮ ಪಾಲಿನ ಶರತ್ತು.

ಗೆಳೆಯರು ಜೊತೆಗಿದ್ದಾಗ ಹುಡುಗರು ಬೇರೆಯೇ ಆಗುತ್ತಾರೆ, ಇದನ್ನೂ ಬಾಯಿಬಿಟ್ಟು ಮಾತಾಡಿ. 2005ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಕಂಪ್ಯೂಟರಿನ ಕಾರು ಆಟವೊಂದನ್ನು ಬೇರೆ ಬೇರೆ ವಯಸ್ಸಿನವರಿಗೆ ಆಡಿಸಿದರು. ಒಬ್ಬರೇ ಆಡುವಾಗಿನದಕ್ಕಿಂತ ಗೆಳೆಯರು ನೋಡುತ್ತಿರುವಾಗ ಹುಡುಗರು ಹೆಚ್ಚು ಅಪಾಯ ಮೈಮೇಲೆ ಹಾಕಿಕೊಂಡರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಅದಕ್ಕೇ ಪಾಠಕ್ಕೆ ಒಬ್ಬನನ್ನೇ ಕರೆಯಬೇಡಿ, ಹಿಂದೆ ಕೂತವರನ್ನೂ ಕರೆಯಿರಿ.

ಮೈದಾನದಲ್ಲಿ ಸುಣ್ಣದ ಗೆರೆ

ಇಲ್ಲಿ ಒಂದು ಮಾತು ಹೇಳಬೇಕು. ಅಂಕಿಅಂಶ ಹೇಳಿದರೆ ಹುಡುಗರು ಬದಲಾಗುತ್ತಾರೆ ಅಂತ ನಾನೂ ನಂಬಿದ್ದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, ನೂರರಲ್ಲಿ 44 ಮಂದಿ ದ್ವಿಚಕ್ರ ವಾಹನದವರು ಅಂತ ಹೇಳಿದೆ. ಒಬ್ಬ ಆಕಳಿಸಿದ. ಆದರೆ ಸುಣ್ಣದ ಪುಡಿ ಹಿಡಿದು ಶಾಲೆಯ ಮೈದಾನಕ್ಕೆ ಇಳಿದಾಗ ಮೂವರೂ ಎದ್ದು ನಿಂತರು.

ಬೇಕಾದದ್ದು ಒಂದು ಅಳತೆ ಟೇಪು, ಸುಣ್ಣ. ಒಂದು ಗೆರೆ ಹಾಕಿ, "ಇಲ್ಲಿ ನಿನಗೆ ದನ ಕಂಡಿತು" ಅನ್ನಿ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಂಡದ್ದು ತಲೆಗೆ ಹೋಗಿ, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಅಂತ ಇಟ್ಟುಕೊಂಡರೂ ಗಾಡಿ 17 ಮೀಟರ್ ಮುಂದೆ. ಅಲ್ಲೊಂದು ಗೆರೆ. ಕ್ರಿಕೆಟ್ ಪಿಚ್ಚಿನ ಉದ್ದ 20 ಮೀಟರ್. ಇನ್ನೂ ಬ್ರೇಕೇ ಹಿಡಿದಿಲ್ಲ, ಪಿಚ್ಚು ಹೆಚ್ಚುಕಡಿಮೆ ಮುಗಿದೇ ಹೋಯಿತು. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಇನ್ನೊಂದು 20 ಮೀಟರ್. ಒಟ್ಟು 37. ಮಳೆಗೆ ನೆನೆದ ರಸ್ತೆಯಲ್ಲಿ ಬ್ರೇಕಿನ ದೂರ ದುಪ್ಪಟ್ಟಾಗುತ್ತದೆ ಅಂತ ಹಿಡಿದರೆ 57 ಮೀಟರ್. ನಮ್ಮ ಮೈದಾನ ಅಲ್ಲಿಗೆ ಮುಗಿದು ಬೇಲಿ ಸಿಕ್ಕಿತು.

ಈಗ 30ರ ಲೆಕ್ಕ. ಸೆಕೆಂಡಿಗೆ 8 ಮೀಟರ್, ಬ್ರೇಕಿಗೆ 5. ಒಟ್ಟು 13. ವೇಗ ಅರ್ಧ ಆದದ್ದಕ್ಕೆ ಬ್ರೇಕಿನ ದೂರ ಅರ್ಧ ಆಗಲಿಲ್ಲ, ಕಾಲು ಭಾಗ ಆಯಿತು. ಇದನ್ನು ಹುಡುಗರೇ ಗಮನಿಸಿದರು, ನಾನು ಹೇಳಲಿಲ್ಲ. ಹೇಳಬಾರದು ಕೂಡ. ಒಬ್ಬ 13ರ ಗೆರೆಯಲ್ಲಿ ನಿಂತು 37ರ ಗೆರೆಯನ್ನು ನೋಡಿ, "ಅಷ್ಟು ದೂರವಾ?" ಅಂದ. ಆ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರ ಯಾವುದೂ ಅದರಷ್ಟು ಚೆನ್ನಾಗಿರಲಿಲ್ಲ.

ಕೇರಳದಲ್ಲಿ 2023ರ ಜುಲೈಯಿಂದ ದ್ವಿಚಕ್ರಕ್ಕೆ ಇರುವ ಗರಿಷ್ಠ ಮಿತಿಯೇ 60. ಅದಕ್ಕೆ ಮೊದಲು 70 ಇತ್ತು. ಅಂದರೆ ನಾವು ಅಳೆದದ್ದು ಕಾನೂನು ಒಪ್ಪುವ ವೇಗವನ್ನು. 90ರ ಗೆರೆ ಎಲ್ಲಿಗೆ ಬರುತ್ತದೆ ಅಂತ ಅವರೇ ಲೆಕ್ಕ ಹಾಕಲಿ. ನಮ್ಮ ಲೆಕ್ಕದಲ್ಲಿ ಅದು ಬೇಲಿಯಾಚೆ ಯಾರದೋ ತೋಟದಲ್ಲಿ ಬಿತ್ತು.

ತನ್ನದೇ ರಸ್ತೆಯಲ್ಲಿ, ಬಾಯಿಬಿಟ್ಟು

ಲೈಸೆನ್ಸ್ ಟೆಸ್ಟಿನಲ್ಲಿ ಎಂಟು ಹಾಕಿ ತೋರಿಸಬೇಕು. ನಮ್ಮ ಹುಡುಗರು ಎಂಟನ್ನು ಕಾಲು ಊರದೆ ಹಾಕುತ್ತಾರೆ, ಚಂದ ಹಾಕುತ್ತಾರೆ. ಆದರೆ ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಅಡ್ಯನಡ್ಕಕ್ಕೆ ಹೋಗುವ ರಸ್ತೆ ಎಂಟಿನ ಹಾಗೆ ಇಲ್ಲ. ತಿರುವಿನ ಆಚೆ ಏನಿದೆ ಅಂತ ರಸ್ತೆ ಬದಿಯ ಮುರಕಲ್ಲಿನ ದಿಬ್ಬ ಕಾಣಗೊಡುವುದಿಲ್ಲ. ಮನೆಗಳ ಇಳಿಜಾರು ದಾರಿ ನೇರ ರಸ್ತೆಗೇ ಬಂದು ಸೇರುತ್ತದೆ. ಕೋಳಿ, ನಾಯಿ, ಶಾಲೆ ಬಿಟ್ಟ ಮಕ್ಕಳು, ತಿರುವಿನಲ್ಲೇ ನಿಲ್ಲುವ ಬಸ್ಸು.

ಈ ಪಾಠಕ್ಕೆ ಬೈಕು ಬೇಡ, ಬಸ್ಸು ಸಾಕು. ಮುಂದಿನ ಸೀಟಿನಲ್ಲಿ ಹುಡುಗನನ್ನು ಕೂರಿಸಿ, ನೀವು ಪಕ್ಕದಲ್ಲಿ ಕೂತುಕೊಳ್ಳಿ. ಕಂಡದ್ದನ್ನೆಲ್ಲ ಮೆಲ್ಲನೆ ಹೇಳುತ್ತಾ ಹೋಗಬೇಕು. ಕಂಡದ್ದು ಮಾತ್ರ ಅಲ್ಲ, ಮುಂದೆ ಏನಾಗಬಹುದು ಅನ್ನುವುದನ್ನೂ. "ಎದುರು ಬಸ್ಸು ನಿಂತಿದೆ, ಅದರ ಮರೆಯಿಂದ ಯಾರಾದರೂ ದಾಟಬಹುದು." "ಆ ರಿಕ್ಷಾ ಬದಿಗೆ ಸರಿಯಿತು, ಈಗ ತಿರುಗಿಸುತ್ತಾನೆ, ಇಂಡಿಕೇಟರ್ ಹಾಕುವುದಿಲ್ಲ." "ಮೊದಲ ಮಳೆ ಬಿದ್ದಿದೆ, ಧೂಳು ಎಣ್ಣೆ ಸೇರಿ ಜಾರುತ್ತದೆ." ಶುರುವಿಗೆ ಅಳಿಯ ಒಂದು ಕಿಲೋಮೀಟರಿನಲ್ಲಿ ಮೂರು ಅಪಾಯ ಹೇಳಿದ. ನಾಲ್ಕನೆಯ ಸಲಕ್ಕೆ ಹನ್ನೊಂದು. ಚಾಲಕರು ತಿರುಗಿ ನೋಡಿ ನಕ್ಕರು.

ಯಾವ ಭಾಷೆಯಲ್ಲಿ ಹೇಳಬೇಕು? ಅವನು ಯೋಚಿಸುವ ಭಾಷೆಯಲ್ಲಿ. ಸಪ್ತಭಾಷೆಯ ನಾಡು ನಮ್ಮದು. ಒಬ್ಬ ಕನ್ನಡದಲ್ಲಿ ಹೇಳಿದ, ಒಬ್ಬ ತುಳುವಿನಲ್ಲಿ, ಮೂರನೆಯವನು ಮಲಯಾಳ ಸೇರಿಸಿ. ಸರಿಯಾದ ಶಬ್ದ ಹುಡುಕುತ್ತಾ ಕೂತರೆ ದನ ದಾಟಿ ಹೋಗಿರುತ್ತದೆ.

ಬಸ್ಸಿನಲ್ಲಿ ಪಳಗಿದ ಮೇಲೆ ಅವನು ಗಾಡಿ ಓಡಿಸಲಿ, ನೀವು ಹಿಂದೆ ಕೂತು ಕೇಳಿ. ಹೆದ್ದಾರಿ 66ರ ಸರ್ವಿಸ್ ರಸ್ತೆಗೆ ಒಂದು ಸಲ ಕರೆದುಕೊಂಡು ಹೋಗಲೇಬೇಕು. ಆರು ಪಥ ಆದ ಮೇಲೆ ಆಚೆ ಬದಿಗೆ ದಾಟಲು ಅಂಡರ್‌ಪಾಸ್ ತನಕ ಹೋಗಬೇಕು. ಅಷ್ಟು ಸುತ್ತು ಯಾಕೆ ಅಂತ ಎದುರು ದಿಕ್ಕಿನಲ್ಲಿ ನುಗ್ಗುವವರು ದೊಡ್ಡವರೇ. ಹುಡುಗರು ನೋಡಿ ಕಲಿಯುತ್ತಾರೆ. ನಾನೂ ಒಂದೆರಡು ಸಲ ಹಾಗೆ ಹೋದದ್ದುಂಟು. ಅಳಿಯ ಅದನ್ನು ನೆನಪು ಮಾಡಿದ, ಗೆಳೆಯರ ಎದುರಿಗೇ.

ಮಾಡಬಾರದ್ದು

ಅಪಘಾತದ ರಕ್ತಸಿಕ್ತ ವಿಡಿಯೊ ತೋರಿಸಬೇಡಿ. ಅವರು ಅದಕ್ಕಿಂತ ಜಾಸ್ತಿ ಫೋನಿನಲ್ಲಿ ನೋಡಿಯಾಗಿದೆ. ಬದಲಿಗೆ ಊರಿನಲ್ಲೇ ಬಿದ್ದು ಕಾಲಿಗೆ ರಾಡ್ ಹಾಕಿಸಿಕೊಂಡವರು ಯಾರಾದರೂ ಇದ್ದರೆ, ಅವರು ಒಪ್ಪಿದರೆ, ಅವರ ಜಗಲಿಯಲ್ಲಿ ಅರ್ಧ ಗಂಟೆ ಕೂರಿಸಿ. ನಾವು ಹೋದ ಮನೆಯವರು ನೋವಿನ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಎಂಟು ತಿಂಗಳು ಸ್ನಾನಕ್ಕೆ ಅಮ್ಮ ಬೇಕಿತ್ತು ಅಂದರು. ಹುಡುಗರು ತಲೆ ತಗ್ಗಿಸಿದರು.

ಜಾರಿದರೆ ಗಾಡಿ ಹಿಡಿಯುವುದು ಹೇಗೆ ಎಂಬ ಸಾಹಸದ ತರಬೇತಿಯೂ ಬೇಡ. ನಾರ್ವೆಯಲ್ಲಿ ಜಾರು ರಸ್ತೆಯ ಡ್ರೈವಿಂಗ್ ಕಲಿಸಿದ ಮೇಲೆ ಎಳೆಯ ಗಂಡು ಚಾಲಕರ ಅಪಘಾತ ಕಡಿಮೆಯಾಗುವ ಬದಲು ಹೆಚ್ಚಾಯಿತು. ಕೈಚಳಕ ಬಂತು ಅಂತ ಧೈರ್ಯ ಬಂತು, ಅಷ್ಟೆ.

ಫ್ಯಾಮಿಲಿ ಗ್ರೂಪಿನಲ್ಲಿ ಚಲನ್ ಫೋಟೊ ಹಾಕಿ ಮಾನ ತೆಗೆಯುವುದಂತೂ ಬೇಡವೇ ಬೇಡ.

ಕೀಲಿಕೈ ವಾಪಸ್ ಕೊಡುವುದು ಕಂತಿನಲ್ಲಿ

ಒಂದೇ ಸಲ ಕೊಡಬೇಡಿ. ನಾವು ಒಂದು ಹಾಳೆಯಲ್ಲಿ ಬರೆದು ಮೂವರ ಮನೆಯವರೂ ಸಹಿ ಹಾಕಿದೆವು. ಮೊದಲ ತಿಂಗಳು ಹಗಲು ಮಾತ್ರ, ಒಬ್ಬನೇ. ಎರಡನೆಯ ತಿಂಗಳು ರಾತ್ರಿ ಒಂಬತ್ತರ ತನಕ. ಹಿಂದೆ ಗೆಳೆಯನನ್ನು ಕೂರಿಸುವುದು ಮೂರನೆಯ ತಿಂಗಳಿಗೆ, ಅವನಿಗೂ ಹೆಲ್ಮೆಟ್ ಇದ್ದರೆ. ಇದು ನಮ್ಮ ತಲೆಯಿಂದ ಹುಟ್ಟಿದ್ದಲ್ಲ. ನ್ಯೂಜಿಲೆಂಡ್ 1987ರಲ್ಲೇ ಹೊಸ ಚಾಲಕರಿಗೆ ಹೀಗೆ ಹಂತ ಹಂತವಾಗಿ ಲೈಸೆನ್ಸ್ ಕೊಡುವ ಕ್ರಮ ತಂದಿತು, ರಾತ್ರಿ ಓಡಾಟಕ್ಕೂ ಜೊತೆಗೆ ಕೂರುವವರಿಗೂ ಮಿತಿ ಹಾಕಿ. ನಮ್ಮಲ್ಲಿ ಕಾನೂನಿನಲ್ಲಿ ಅದಿಲ್ಲ, ಆದರೆ ಮನೆಯಲ್ಲಿ ಮಾಡಲು ಯಾರ ಅಡ್ಡಿಯೂ ಇಲ್ಲ.

ಹೆಲ್ಮೆಟ್ ಐಎಸ್‌ಐ ಗುರುತಿನದಾಗಿರಲಿ. ಗಲ್ಲದ ಕೆಳಗೆ ಪಟ್ಟಿ ಹಾಕಿ, ಅದರ ಒಳಗೆ ಎರಡು ಬೆರಳು ಮಾತ್ರ ತೂರುವಷ್ಟು ಜಾಗ ಇರಬೇಕು. ಪಟ್ಟಿ ಹಾಕದ ಹೆಲ್ಮೆಟ್ ಬೀಳುವಾಗ ನಿಮಗಿಂತ ಮೊದಲು ಹೊರಟಿರುತ್ತದೆ.

ಲೈಸೆನ್ಸೇ ಅಮಾನತಾದರೆ ವಿಷಯ ಮನೆಯಿಂದ ಹೊರಗೆ ಹೋಗುತ್ತದೆ. ಅಂಥವರು ಮತ್ತೆ ತರಬೇತಿ ಪಡೆಯಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಕೇರಳದಲ್ಲಿ ಇದಕ್ಕೆ ಕಳಿಸುವ ಜಾಗ ಮಲಪ್ಪುರಂ ಜಿಲ್ಲೆ ಎಡಪ್ಪಾಳಿನ ಚಾಲಕ ತರಬೇತಿ ಸಂಸ್ಥೆ. ಕಾಸರಗೋಡಿನಿಂದ ರೈಲು ಹತ್ತಿ ಕುಟ್ಟಿಪ್ಪುರಂನಲ್ಲಿ ಇಳಿದು ಮತ್ತೆ ಬಸ್ಸು. ಆಸ್ಪತ್ರೆಯಲ್ಲೋ ಪಾಲಿಯೇಟಿವ್ (ಗುಣವಾಗದ ರೋಗಿಗಳ ಆರೈಕೆಯ) ಕೇಂದ್ರದಲ್ಲೋ ಕೆಲವು ದಿನ ಸೇವೆ ಮಾಡಿಸುವ ಕ್ರಮವನ್ನೂ ಸರಕಾರ 2022ರಲ್ಲಿ ಪ್ರಕಟಿಸಿತ್ತು. ನನ್ನ ಮಟ್ಟಿಗೆ ಅದು ಫೈನಿಗಿಂತ ಒಳ್ಳೆಯದು.

ನಾಲ್ಕು ತಿಂಗಳು ಏನೂ ಬರಲಿಲ್ಲ. ಐದನೆಯ ತಿಂಗಳು ಫೋನು ಟಿಣ್ ಅಂದಿತು. ಈ ಸಲ ತಲಪಾಡಿಯ ಆಚೆಯಿಂದ, ಕರ್ನಾಟಕದ ಚಲನ್. ಕಾಯ್ದೆ ದೇಶಕ್ಕೆಲ್ಲ ಒಂದೇ, ಸ್ಥಳದಲ್ಲೇ ಇತ್ಯರ್ಥ ಮಾಡುವ ದಂಡದ ಮೊತ್ತ ಮಾತ್ರ ಆಯಾ ರಾಜ್ಯ ಗೊತ್ತುಮಾಡುತ್ತದೆ. ಫೋಟೊ ದೊಡ್ಡದು ಮಾಡಿ ನೋಡಿದೆ. ಅಳಿಯ ಒಬ್ಬನೇ ಇದ್ದ, ತಲೆಯ ಮೇಲೆ ಹೆಲ್ಮೆಟ್ ಇತ್ತು, ಪಟ್ಟಿಯೂ ಇತ್ತು. ತಪ್ಪು ವೇಗದ್ದು. ನಾನು ಬೈಯಲಿಲ್ಲ. ಹಾಳೆ, ಪೆನ್ನು ಮೇಜಿನ ಮೇಲಿಟ್ಟೆ. ಅವನು ಬರೆದು ಕೊಟ್ಟು, ಅಂಗಳಕ್ಕೆ ಹೋಗಿ ಅಡಕೆಯ ಮುಂದೆ ಕೂತ. ಎಷ್ಟು ಕಿಲೋ ಸುಲಿದಾಯಿತು ಎಂಬ ಲೆಕ್ಕ ಈಗ ಗೋಡೆಯ ಕ್ಯಾಲೆಂಡರಿನಲ್ಲಿದೆ. ಇನ್ನು ಎರಡು ಆದಿತ್ಯವಾರದ ಕೆಲಸ ಬಾಕಿ.