ಕನ್ನಡ ಟೈಪಿಂಗ್ ವೇಗ: ಅಭ್ಯಾಸ ಸರ್ಟಿಫಿಕೇಟನ್ನು ನೀವೇ ಮಾಡಿಕೊಳ್ಳಿ

ತಿಂಗಳಿಗೊಂದು ಅಭ್ಯಾಸ ಸರ್ಟಿಫಿಕೇಟ್ ಮಾಡಿಟ್ಟರೆ ವೇಗ ಏರುತ್ತಿದೆಯೋ, ನಿಂತಲ್ಲೇ ನಿಂತಿದೆಯೋ ಗೊತ್ತಾಗುತ್ತದೆ. ಆದರೆ ಅದರ ಮೇಲೆ ‘ನಿಮಿಷಕ್ಕೆ 30 ಪದ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ‘ಈ’ ಕೂಡ ಒಂದು ಪದ, ‘ಹೋಗಬೇಕಾಗಿರಲಿಲ್ಲವೇನೋ’ ಕೂಡ ಒಂದು ಪದ. ಹಾಗಾಗಿ ಕೀಲಿ ಒತ್ತಿದ್ದನ್ನೇ ಎಣಿಸಿ. ಐದು ಒತ್ತುಗಳಿಗೆ ಒಂದು ಪದವೆಂದು ಹಿಡಿಯಿರಿ. ಕೇಂದ್ರ ಸರ್ಕಾರದ ನೇಮಕಾತಿ ಸಂಸ್ಥೆಯಾದ ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಇಂಗ್ಲಿಷ್ ಟೈಪಿಂಗ್ ಪರೀಕ್ಷೆಯಲ್ಲಿ ನಿಮಿಷಕ್ಕೆ 35 ಪದ ಎಂದರೆ ಗಂಟೆಗೆ 10,500 ಒತ್ತು; ಅದೂ ಇದೇ ಲೆಕ್ಕ.

ಕಗಪ (ಕನ್ನಡ ಗಣಕ ಪರಿಷತ್ತಿನ, ನುಡಿ ತಂತ್ರಾಂಶದಲ್ಲಿರುವ) ಕೀಲಿಮಣೆಯಲ್ಲಿ ‘ಕರ್ನಾಟಕ’ ಕಣ್ಣಿಗೆ ನಾಲ್ಕೇ ಅಕ್ಷರ, ಬೆರಳಿಗೆ ಏಳು ಒತ್ತು: ಕ, ರ, ಎಫ್ ಕೀಲಿಯ ಅರ್ಧಾಕ್ಷರ ಚಿಹ್ನೆ, ನ, ದೀರ್ಘ, ಟ, ಕ. ಶಿಫ್ಟನ್ನು ಬೇರೆಯಾಗಿ ಎಣಿಸಬೇಡಿ. ಎಕ್ಸೆಲ್‌ನ ಅಕ್ಷರ, ಚಿಹ್ನೆಗಳನ್ನು ಎಣಿಸುವ ‘ಲೆನ್’ (LEN) ಸೂತ್ರವೂ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಪಠ್ಯದಲ್ಲಿ ಇದನ್ನು ಏಳೆಂದೇ ತೋರಿಸುತ್ತದೆ, ಖಾಲಿ ಜಾಗಗಳನ್ನೂ ಸೇರಿಸಿಕೊಳ್ಳುತ್ತದೆ. ಪಠ್ಯ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿದ್ದರೆ ಈ ಲೆಕ್ಕ ಕೆಡುತ್ತದೆ, ಮೊದಲು ಪರಿವರ್ತಿಸಿಕೊಳ್ಳಿ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಲಿಪ್ಯಂತರ ವಿಧಾನದಲ್ಲಂತೂ ಒತ್ತಿನ ಸಂಖ್ಯೆಯೇ ಬೇರೆ: ‘ಕನ್ನಡ’ಕ್ಕೆ ಕಗಪದಲ್ಲಿ ಐದು, ಅಲ್ಲಿ ಏಳು. ಎರಡನ್ನೂ ಒಂದೇ ಸಾಲಿನಲ್ಲಿ ಹೋಲಿಸಬಾರದು.

ಪರೀಕ್ಷೆ ಹತ್ತು ನಿಮಿಷದ್ದಿರಲಿ. ಒಂದು ನಿಮಿಷದ ಓಟದಲ್ಲಿ ಯಾರ ವೇಗವೂ ಚೆನ್ನಾಗಿಯೇ ಕಾಣುತ್ತದೆ. ಬೆರಳು ಸೋಲುವುದು ಐದು ನಿಮಿಷ ದಾಟಿದ ಮೇಲೆ. ಮೊದಲೇ ಟೈಪ್ ಮಾಡಿದ ಪಠ್ಯ ಬೇಡ, ಪದ ಸೂಚಿಸುವ ಸೌಲಭ್ಯ ಆಫ್ ಆಗಿರಲಿ. ಒಂದೇ ವಾರದಲ್ಲಿ ಬೇರೆ ಬೇರೆ ದಿನ ಮೂರು ಹೊಸ ಪಠ್ಯ ಟೈಪ್ ಮಾಡಿ, ಮೂರರಲ್ಲಿ ಅತಿ ಹೆಚ್ಚೂ ಅಲ್ಲದ, ಅತಿ ಕಡಿಮೆಯೂ ಅಲ್ಲದ ನಡುವಿನ ಫಲಿತಾಂಶವನ್ನು ಮಾತ್ರ ಸರ್ಟಿಫಿಕೇಟಿಗೆ ಏರಿಸಿ. ಅತಿ ಹೆಚ್ಚಿನದನ್ನು ಹಾಕಿಕೊಳ್ಳುವ ಆಸೆ ಬಂದೇ ಬರುತ್ತದೆ. ಹಾಕಿದರೆ ಮುಂದಿನ ತಿಂಗಳು ವೇಗ ಇಳಿದಂತೆ ಕಾಣುತ್ತದೆ.

ಲೆಕ್ಕ ಹೀಗೆ: 10 ನಿಮಿಷಕ್ಕೆ 1,500 ಒತ್ತು ಎಂದರೆ 300 ಪದ, ಒಟ್ಟು ವೇಗ 30. ತಪ್ಪಾದ, ಬಿಟ್ಟ, ಹೆಚ್ಚಾದ ಪ್ರತಿ ಪದಕ್ಕೆ ಒಂದು ತಪ್ಪು. ತಪ್ಪು 12 ಇದ್ದರೆ ನಿಮಿಷಕ್ಕೆ 1.2 ಕಳೆದು ನಿವ್ವಳ ವೇಗ 28.8, ತಪ್ಪಿನ ಪ್ರಮಾಣ ಶೇ. 4. ಇದು ಶೇ. 5 ದಾಟಿದ ತಿಂಗಳು ಸರ್ಟಿಫಿಕೇಟ್ ಬೇಡ.

ಮುಂಭಾಗದಲ್ಲಿ ಹೆಸರು, ದಿನಾಂಕ, ಒಟ್ಟು ಮತ್ತು ನಿವ್ವಳ ವೇಗ, ತಪ್ಪು, ಅವಧಿ, ಕೀಲಿಮಣೆ ವಿನ್ಯಾಸ, ಲ್ಯಾಪ್‌ಟಾಪೋ ಬೇರೆ ಕೀಬೋರ್ಡೋ ಎಂಬುದು ಇರಲಿ. ನಿಜವಾಗಿ ಕೆಲಸಕ್ಕೆ ಬರುವುದು ಹಿಂಭಾಗ. ಅಲ್ಲಿ ತಪ್ಪುಗಳನ್ನು ಮೂರು ಗುಂಪು ಮಾಡಿ: ಶಿಫ್ಟ್, ಒತ್ತಕ್ಷರ, ಬಿಟ್ಟ ಪದ. ಕಗಪದಲ್ಲಿ ದೀರ್ಘ, ಮಹಾಪ್ರಾಣ, ಣ, ಳ ಎಲ್ಲವೂ ಶಿಫ್ಟಿನ ಮೇಲೆಯೇ ನಿಂತಿವೆ. ಶಿಫ್ಟ್ ತಪ್ಪಿದರೆ ‘ಬಣ್ಣ’ ‘ಬನ್ನ’ವಾಗುತ್ತದೆ. ಎಫ್ ತಪ್ಪಿದರೆ ‘ಅಕ್ಕ’ ‘ಅಕಕ’. ಒಟ್ಟು ವೇಗ ಏರಿ ನಿವ್ವಳ ಏರದಿದ್ದರೆ ಕಾರಣ ಸಾಮಾನ್ಯವಾಗಿ ಮೊದಲೆರಡು ಗುಂಪಿನಲ್ಲೇ ಸಿಗುತ್ತದೆ. ಆಗ ವೇಗ ಮರೆತು, ಎದುರು ಕೈಯ ಕಿರುಬೆರಳಿನಿಂದ ಶಿಫ್ಟ್ ಹಿಡಿಯುವ ಅಭ್ಯಾಸವನ್ನಷ್ಟೇ ಮಾಡಿ.

ನಮೂನೆಯನ್ನು ಲಿಬ್ರೆಆಫೀಸ್ ರೈಟರ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟಿನಿಂದ ಮಾಡಿ, ಪಿಡಿಎಫ್ ಆಗಿ ಉಳಿಸಿ. ಕೆಲವು ಆನ್‌ಲೈನ್ ಸರ್ಟಿಫಿಕೇಟ್ ತಾಣಗಳಲ್ಲಿ ಒತ್ತಕ್ಷರ ಒಡೆದು ‘ಪ್ರ’ ‘ಪ್‌ರ’ ಆಗುತ್ತದೆ. ಕಡತದ ಹೆಸರು ವರ್ಷ, ತಿಂಗಳು, ದಿನದ ಕ್ರಮದಲ್ಲಿದ್ದರೆ ತಾನಾಗಿಯೇ ಸಾಲಾಗಿ ನಿಲ್ಲುತ್ತದೆ.

ರಾಷ್ಟ್ರ ಲಾಂಛನವಾಗಲಿ, ರಾಜ್ಯದ ಗಂಡಭೇರುಂಡ ಮುದ್ರೆಯಾಗಲಿ ಬೇಡ. ರಾಷ್ಟ್ರ ಲಾಂಛನದ ದುರ್ಬಳಕೆ ತಡೆಗೆ 2005ರ ಕಾಯ್ದೆಯೇ ಇದೆ. ‘ಸ್ವಂತ ಅಭ್ಯಾಸಕ್ಕೆ ಮಾತ್ರ’ ಎಂದು ಕೆಳಗೆ ದಪ್ಪಕ್ಷರದಲ್ಲಿ ಹಾಕಿ. ಉದ್ಯೋಗದ ಅರ್ಜಿಗೆ ಇದನ್ನು ಲಗತ್ತಿಸುವಂತಿಲ್ಲ.