ಮೀನಿನ ಮುಳ್ಳಿನ ಸಂತರಿಗೆ ಪಪ್ಪಾಯಿ ದಂಟಿನ ಮೇಣದಬತ್ತಿ

ಸಂತರ ಹಬ್ಬಕ್ಕೆ ಅಂತ ಧರ್ಮೋಪದೇಶದ ಕ್ಲಾಸಿನಲ್ಲಿ ಮಕ್ಕಳು ಮಾಡಿದ ವಸ್ತು ಆ ಹಬ್ಬದಲ್ಲೇ ಖರ್ಚಾಗಿ ಮುಗಿಯಬೇಕು. ಉರಿದು ಹೋಗಬೇಕು, ಹೊಟ್ಟೆಗೆ ಹೋಗಬೇಕು, ಇಲ್ಲವೇ ಬೇರೆಯವರ ಕೈಗೆ ಹೋಗಬೇಕು. ಮನೆಗೆ ಒಯ್ದು ಗೋಡೆಗೆ ಅಂಟಿಸುವ ಕೈಕೆಲಸ ಬೇಡವೇ ಬೇಡ. ಕಾರ್ಕಳದ ಕಡೆಯ ಒಂದು ಚಿಕ್ಕ ಚರ್ಚಿನಲ್ಲಿ ನಾಲ್ಕು, ಐದನೇ ಕ್ಲಾಸಿನ ಮಕ್ಕಳಿಗೆ ಧರ್ಮೋಪದೇಶ ಮಾಡುತ್ತಾ ನಾನು ಕಂಡುಕೊಂಡದ್ದು ಇದು. ಶುರು ಮಾಡಿದಾಗ ಚರ್ಚಿನ ಪಾಲನಾ ಮಂಡಳಿಯ ಹಿರಿಯರೊಬ್ಬರು, "ಟೀಚರ್, ಮಕ್ಕಳಿಗೆ ಪ್ರಾರ್ಥನೆ ಬಾಯಿಪಾಠ ಬಂದರೆ ಸಾಕು, ಈ ಆಟ ಎಲ್ಲ ಯಾಕೆ?" ಅಂದಿದ್ದರು. ಈಗ ಅವರ ಮೊಮ್ಮಗಳು ನನ್ನ ಕ್ಲಾಸಿಗೆ ಬರುತ್ತಾಳೆ. ಜನವರಿ ಬಂತೆಂದರೆ ಪಪ್ಪಾಯಿ ದಂಟು ಕಡಿದು ಕೊಡುವುದು ಅವರೇ.

ಮೊದಲ ಎರಡು ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆವು. ಸಂತರ ಚಿತ್ರದ ಪ್ರಿಂಟ್ ತಂದು ಬಣ್ಣ ಹಚ್ಚಿಸುವುದು, ಥರ್ಮಾಕೋಲ್, ಮಿನುಗು ಪುಡಿ, ಫೆವಿಕಾಲ್. ಮೂವತ್ತು ಚಿಲ್ಲರೆ ಮಕ್ಕಳಿಗೆ ವರ್ಷಕ್ಕೆ ಮೂರು ಸಾವಿರದ ಹತ್ತಿರ ಖರ್ಚು. ಅರ್ಧ ನನ್ನ ಕೈಯಿಂದಲೇ. ಹೋಗಲಿ, ದುಡ್ಡು ಹೋದರೂ ಮಕ್ಕಳ ತಲೆಯಲ್ಲಿ ಏನಾದರೂ ಉಳಿಯಿತಾ? ವರ್ಷದ ಕೊನೆಗೆ ಬಾಯಿಪರೀಕ್ಷೆಯಲ್ಲಿ ಅಸ್ಸಿಸಿಯ ಫ್ರಾನ್ಸಿಸರನ್ನು ಹಡಗು ಹತ್ತಿಸಿ ಗೋವಾಕ್ಕೆ ಕಳಿಸಿದರು. ಫ್ರಾನ್ಸಿಸ್ ಕ್ಸೇವಿಯರರಿಗೆ ತೋಳ ಪಳಗಿಸುವ ಕೆಲಸ ಕೊಟ್ಟರು. ಇಬ್ಬರ ಕಥೆಯೂ ಅದಲುಬದಲು. ಎರಡು ಚಿತ್ರಕ್ಕೂ ಒಂದೇ ಕಂದು ಬಣ್ಣ ಹಚ್ಚಿದ್ದರಲ್ಲ, ಮತ್ತೇನಾಗುತ್ತೆ!

ದಾರಿ ತೋರಿಸಿದ್ದು ನಮ್ಮ ಮೊಂತಿ ಹಬ್ಬ. ಸೆಪ್ಟೆಂಬರ್ 8 ಮಾತೆ ಮರಿಯಮ್ಮನ ಹುಟ್ಟುಹಬ್ಬ ಅಂತ ನಮ್ಮ ಒಂದು ಮಗುವಿಗೂ ಯಾರೂ ಬಾಯಿಪಾಠ ಮಾಡಿಸಿಲ್ಲ. ಆದರೂ ಎಲ್ಲರಿಗೂ ಗೊತ್ತು. ಒಂಬತ್ತು ದಿನ ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಮ್ಮನಿಗೆ ಎಸೆಯುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ತೆನೆ ಮನೆಗೆ ಬರುತ್ತೆ. ಹೊಸ ಅಕ್ಕಿ ಪುಡಿಯಾಗಿ ಹಾಲಿನ ಜೊತೆ ಹೊಟ್ಟೆಗೆ ಹೋಗುತ್ತೆ. ಹೂವೂ ಮುಗಿಯಿತು, ತೆನೆಯೂ ಮುಗಿಯಿತು, ಹಬ್ಬ ಮಾತ್ರ ಉಳಿಯಿತು. ಹಾಗಾದರೆ ಬೇರೆ ಸಂತರಿಗೂ ಹೀಗೇ ಮಾಡಿದರೇನು ಅನ್ನಿಸಿತು. ಮೊಂತಿ ಹಬ್ಬಕ್ಕೆ ಮಾತ್ರ ನಾನು ಕೈ ಹಾಕಿಲ್ಲ. ಬುಟ್ಟಿಗೆ ಅಂಗಡಿಯ ಮಲ್ಲಿಗೆ ಬೇಡ, ಅಂಗಳದ ದಾಸವಾಳ, ಶಂಖಪುಷ್ಪ ಸಾಕು ಅಂತ ತಾಯಂದಿರಿಗೆ ಹೇಳಿದ್ದಷ್ಟೇ.

ನನಗೆ ಹೆಮ್ಮೆ ಇರುವುದು ಸಂತ ಬ್ಲೇಸ್ ಹಬ್ಬದ ಬಗ್ಗೆ. ಫೆಬ್ರವರಿ 3. ಸೆಬಾಸ್ತೆ ಅನ್ನುವ ಊರಿನ ಬಿಷಪರು, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹುಡುಗನನ್ನು ಉಳಿಸಿದವರು. ದಿನಾ ಬಂಗುಡೆ, ಬೂತಾಯಿ ತಿನ್ನುವ ಮಕ್ಕಳಿಗೆ ಈ ಕಥೆಯನ್ನು ವಿವರಿಸಬೇಕಾಗಿಯೇ ಇಲ್ಲ. ಮುಳ್ಳು ಸಿಕ್ಕಿದಾಗ ಅಜ್ಜಿ ಅನ್ನದ ಉಂಡೆ ನುಂಗಿಸಿದ್ದನ್ನು ಪ್ರತಿಯೊಬ್ಬರೂ ಹೇಳುತ್ತಾರೆ. ಆ ದಿನ ಫಾದರ್ ಎರಡು ಮೇಣದಬತ್ತಿಗಳನ್ನು ಅಡ್ಡಡ್ಡ ಕಟ್ಟಿ, ಒಬ್ಬೊಬ್ಬರ ಗಂಟಲಿಗೆ ಹಿಡಿದು ಆಶೀರ್ವಾದ ಕೊಡುತ್ತಾರಲ್ಲ, ಆ ಬತ್ತಿಗಳನ್ನು ನಮ್ಮ ಮಕ್ಕಳೇ ಮಾಡಬೇಕು ಅಂತ ನಿರ್ಧರಿಸಿದೆ. ಹಿಂದಿನ ದಿನವೇ ಮೇಣದಬತ್ತಿ ಆಶೀರ್ವದಿಸುವ ಹಬ್ಬ. ಎರಡೂ ಒಟ್ಟಿಗೆ ಕೂಡಿ ಬರುತ್ತವೆ.

ಮೇಣಕ್ಕೆ ಒಂದು ಪೈಸೆ ಖರ್ಚಿಲ್ಲ. ಕ್ರಿಸ್ಮಸ್ ಮುಗಿದ ಮೇಲೆ ಬಲಿಪೀಠದ ತುಂಡುಗಳು, ಗ್ರೊಟ್ಟೊದ (ಮರಿಯಮ್ಮನ ಗುಹೆಯ) ಹತ್ತಿರ ಉಳಿದ ಮೋಟುಗಳು, ಎಲ್ಲ ಸೇರಿ ನಾಲ್ಕೈದು ಕಿಲೋ ಸಿಗುತ್ತೆ. ಅಚ್ಚು ಪಪ್ಪಾಯಿ ಎಲೆಯ ದಂಟು. ಒಳಗೆ ಟೊಳ್ಳು, ನೇರ, ಪುಕ್ಕಟೆ. ಕೇಳಲು ಸುಲಭ. ಮೊದಲ ಸಲ ಹೊಯ್ದಾಗ ಅರ್ಧಕ್ಕರ್ಧ ಬತ್ತಿಗಳು ಹಾಳಾದವು. ಆಗತಾನೆ ಕಡಿದ ದಂಟಿನಲ್ಲಿ ನೀರಿರುತ್ತೆ. ಬಿಸಿ ಮೇಣ ಬಿದ್ದರೆ ಚಟಪಟ ಸಿಡಿಯುತ್ತೆ, ಬತ್ತಿಯ ತುಂಬ ತೂತು. ಅದರ ಹಾಲು ಕೈಗೆ ತಾಗಿದರೆ ತುರಿಕೆ ಬೇರೆ. ಮುಂದಿನ ಸಲ ಎರಡು ದಿನ ಬಿಸಿಲಿಗೆ ಇಟ್ಟೆ. ದಂಟು ಸುರುಟಿ ಸೀಳಿ ಹೋಯಿತು. ಈಗ ಕಡಿದು ತೊಳೆದು ಒಂದು ರಾತ್ರಿ ನೆರಳಿನಲ್ಲಿ ತಲೆಕೆಳಗಾಗಿ ನಿಲ್ಲಿಸುತ್ತೇನೆ. ಬುಡಕ್ಕೆ ಗೋಧಿ ಹಿಟ್ಟಿನ ಮುಚ್ಚಳ. ಬತ್ತಿಯ ನೂಲು ಹೊಲಿಗೆಯದ್ದಾದರೆ ಉರಿದು ಮುಳುಗಿ ಹೋಗುತ್ತೆ. ಹತ್ತಿ ನೂಲನ್ನು ಮೂರೆಳೆ ಜಡೆ ಹೆಣೆದು, ಕರಗಿದ ಮೇಣದಲ್ಲಿ ಅದ್ದಿ, ಒಣಗಿಸಿ ಹಾಕಬೇಕು. ಈ ಜಡೆ ಹೆಣೆಯುವ ಹೊತ್ತಿನಲ್ಲೇ ನಾನು ಕಥೆ ಹೇಳುವುದು. ಕೈಗೆ ಕೆಲಸ ಇದ್ದರೆ ಗಂಡು ಹುಡುಗರೂ ಸುಮ್ಮನೆ ಕೂತು ಕೇಳುತ್ತಾರೆ.

ಮೇಣ ಕರಗಿಸುವುದು, ಹೊಯ್ಯುವುದು ದೊಡ್ಡವರ ಕೆಲಸ. ನೀರು ಕುದಿಯುವ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟೇ ಕರಗಿಸಬೇಕು. ಇದರಲ್ಲಿ ರಾಜಿ ಇಲ್ಲ. ಹೊಯ್ಯುವ ಮೊದಲು ದಂಟಿನ ಒಳಗೆ ನಾನು ಏನು ಸವರುತ್ತೇನೆ ಅನ್ನುವುದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ನಮ್ಮ ಬತ್ತಿ ನುಣುಪಾಗಿ, ಒಂದೇ ಎಳೆತಕ್ಕೆ ಹೊರಗೆ ಬರುತ್ತೆ. ನೋಡಿದವರು ಮಂಗಳೂರಿನ ಅಂಗಡಿಯಿಂದ ತಂದದ್ದಾ ಅಂತ ಕೇಳಿದ್ದೂ ಇದೆ. ಆಶೀರ್ವಾದ ಮುಗಿದ ಮೇಲೆ ಪ್ರತಿ ಮಗುವಿಗೂ ಒಂದು ಬತ್ತಿ. ರಾತ್ರಿ ಜಪಮಾಲೆಗೆ ಉರಿಸಿ ಮುಗಿಸಬೇಕು, ಕಪಾಟಿನಲ್ಲಿ ಇಡುವ ಹಾಗಿಲ್ಲ. ಒಟ್ಟು ಖರ್ಚು ನೂಲು ಮತ್ತು ಕೆಂಪು ರಿಬ್ಬನ್‌ಗೆ ನೂರೈವತ್ತು ಇರಬಹುದು.

ಸಂತ ಲಾರೆನ್ಸ್ ನಮಗೆ ಮನೆಯವರ ಹಾಗೆ. ಅವರ ಹೆಸರಿನ ಅತ್ತೂರು ಚರ್ಚು ಹತ್ತಿರವೇ ಇದೆ, 2016ರಲ್ಲಿ ಅದಕ್ಕೆ ಬಸಿಲಿಕಾ ಅನ್ನುವ ವಿಶೇಷ ಪದವಿ ಸಿಕ್ಕಿತು. ಜಾತ್ರೆಗೆ ಹೋಗದ ಮಗು ಇಲ್ಲ. ಆದರೆ ಕಥೆ ಕೇಳಿದರೆ "ಅವರನ್ನು ಸುಟ್ಟರು" ಅನ್ನುವುದೊಂದೇ ಉತ್ತರ. ಹಿಡಿಸೂಡಿ (ಪೊರಕೆ) ಕಡ್ಡಿಯಲ್ಲಿ, ಅವರನ್ನು ಸುಟ್ಟರೆನ್ನುವ ಕಬ್ಬಿಣದ ಜಾಲರಿಯ ಮಾದರಿ ಮಾಡಿಸಿದ ವರ್ಷ ಅದು ಇನ್ನೂ ಜಾಸ್ತಿ ಆಯಿತು. ಹುಡುಗರಿಗೆ ಬೆಂಕಿ ಬಿಟ್ಟು ಬೇರೆ ಮಾತಿಲ್ಲ. ಅದನ್ನು ಬಿಟ್ಟೇ ಬಿಟ್ಟೆ. ಅವರ ಜೀವನದ ತಿರುಳು ಬೇರೆ ಕಡೆ ಇದೆ ಅಲ್ವಾ? 258ರಲ್ಲಿ ರೋಮಿನ ಅಧಿಕಾರಿ ಚರ್ಚಿನ ಸಂಪತ್ತು ತಂದೊಪ್ಪಿಸು ಅಂದಾಗ, ಬಡವರನ್ನು ಕರೆದು ತಂದು ಇವರೇ ನಮ್ಮ ಸಂಪತ್ತು ಅಂದರಂತೆ. ಹಾಗಾಗಿ ಈಗ ತೆಂಗಿನ ಚಿಪ್ಪಿನ ತಿಜೋರಿ ಮಾಡಿಸುತ್ತೇನೆ. ಎರಡು ಚಿಪ್ಪು, ನಡುವೆ ಹುರಿಯ ಕೊಂಡಿ. ಒಳಗೆ ದುಡ್ಡಲ್ಲ, ಒಂದು ಚೀಟಿ. ವಾರ್ಡಿನ ಮುಖಂಡರಾದ ಗುರಿಕಾರರನ್ನು ಕೇಳಿ, ಒಬ್ಬರೇ ಇರುವ ಅಜ್ಜ ಅಜ್ಜಿಯರ ಹೆಸರು ಬರೆಯಬೇಕು. ಆಗಸ್ಟ್ 10ರ ಆಸುಪಾಸಿನ ಭಾನುವಾರ ಅದೇ ಚಿಪ್ಪಿನಲ್ಲಿ ಬೆಲ್ಲ ತುಂಬಿಕೊಂಡು ಅವರ ಮನೆಗೆ ಹೋಗಿ ಕೊಟ್ಟು ಬರುವುದು. ಚಿಪ್ಪು ಅಲ್ಲೇ ಉಳಿಯುತ್ತೆ. ಅಜ್ಜಿಯರು ಅದನ್ನು ಉಪ್ಪಿಗೆ ಬಳಸುತ್ತಾರೆ. ಮಳೆಗಾಲ, ಹೆತ್ತವರು ಗೊಣಗಿದರು. ಆದರೂ ಹೋದೆವು.

ಸಂತ ಅಂತೋನಿಯವರ ಹೆಸರಿನಲ್ಲಿ ಬಡವರಿಗೆ ಹಂಚುವ ರೊಟ್ಟಿ, ನಮ್ಮಲ್ಲಿ ಬನ್ನು, ಅವರ ಹಬ್ಬ ಜೂನ್ 13ಕ್ಕೆ. ಅದೂ ಮಳೆಯಲ್ಲೇ. ಪೇಪರ್ ಚೀಲ ಮಾಡಿಸಿದೆವು, ದಾರಿಯಲ್ಲೇ ಹರಿದು ಬನ್ನು ಕೆಸರಿಗೆ ಬಿತ್ತು. ತೇಗದ ಎಲೆಯಲ್ಲಿ ಸುತ್ತಿದೆವು, ಬನ್ನಿಗೆಲ್ಲ ಕೆಂಪು ಬಣ್ಣ ಹಿಡಿಯಿತು. ಕೊನೆಗೆ ಬೆಂಕಿಗೆ ಹಿಡಿದು ಬಾಡಿಸಿದ ಬಾಳೆ ಎಲೆ, ಬಾಳೆ ನಾರಿನ ಕಟ್ಟು. ಇದು ನಿಂತಿತು. ಬನ್ನಿಗೆ ಇನ್ನೂರು ಮುನ್ನೂರು ಆಗುತ್ತೆ. ವರ್ಷದ ದೊಡ್ಡ ಖರ್ಚು ಅದೇ.

ಸಂತ ಜೋಸೆಫ್ ವಾಜರ ಹಬ್ಬ ಜನವರಿ 16. ಗೋವಾದವರು, ನಮ್ಮ ಕರಾವಳಿಯಲ್ಲೂ ಸೇವೆ ಮಾಡಿದವರು. ಮಂಗಳೂರಿನ ಹತ್ತಿರ ಮುಡಿಪಿನಲ್ಲಿರುವ ಅವರ ಪುಣ್ಯಕ್ಷೇತ್ರಕ್ಕೆ ಹೋದವರಿಗೆ ಹೇಳಬೇಕಾಗಿಲ್ಲ. 1687ರಲ್ಲಿ ಕೂಲಿಯವನ ವೇಷದಲ್ಲಿ ಬರಿಗಾಲಲ್ಲಿ ಶ್ರೀಲಂಕಾ ಸೇರಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲೇ ಅವರನ್ನು ಸಂತ ಎಂದು ಘೋಷಿಸಿದರು. ಕೂಲಿಯವನ ವೇಷ ಅಂದ ಕೂಡಲೇ ನನಗೆ ಹೊಳೆದದ್ದು ನಮ್ಮ ಅಡಿಕೆ ಹಾಳೆಯ ಮುಟ್ಟಾಳೆ. ಅವರು ತೊಟ್ಟಿದ್ದು ಅದನ್ನಲ್ಲ, ಮಕ್ಕಳಿಗೂ ಹಾಗೆಯೇ ಹೇಳುತ್ತೇನೆ. ಆದರೆ ನಮ್ಮೂರಿನ ಕೂಲಿಯವರ ಟೋಪಿ ಅದು. ಹಾಳೆ ನೆನೆಸದೆ ಮಡಚಿದರೆ ಸೀಳುತ್ತೆ, ಜಾಸ್ತಿ ನೆನೆಸಿದರೆ ಬೂಸ್ಟು ಹಿಡಿಯುತ್ತೆ. ನಮ್ಮ ತೋಟಕ್ಕೆ ಬರುವ ಹಿರಿಯ ಕೆಲಸಗಾರರೊಬ್ಬರು ಬಂದು ಕಲಿಸಿದರು. ಮಕ್ಕಳು ಮುಟ್ಟಾಳೆ ಇಟ್ಟು, ಅದರ ಮೇಲೆ ಅಕ್ಕಿಯ ಸಣ್ಣ ಗಂಟು ಹೊತ್ತು, ಬರಿಗಾಲಲ್ಲಿ ಎರಡು ಮನೆಗೆ ನಡೆದರು. ಟೋಪಿಗಳನ್ನು ಆ ಕೆಲಸಗಾರರಿಗೇ ಕೊಟ್ಟೆವು.

ನಡುವೆ ಒಂದು ಬೇರೆ ಪ್ರಯೋಗ. ಹಂಗೇರಿ, ಕ್ರೊಯೇಷಿಯಾ ಕಡೆ ಸಂತ ಲೂಸಿಯ ಹಬ್ಬ, ಡಿಸೆಂಬರ್ 13ರಂದು, ಗೋಧಿ ಬಿತ್ತಿ ಕ್ರಿಸ್ಮಸ್‌ಗೆ ಹಸಿರು ಮಾಡುತ್ತಾರೆ. ನಾವೂ ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ) ಹುಲ್ಲು ಬೇಕು ಅಂತ ಬಿತ್ತುತ್ತೇವಲ್ಲ! ಚಿಪ್ಪಿನಲ್ಲಿ ಹೆಸರು, ರಾಗಿ, ಭತ್ತ, ಗೋಧಿ ನಾಲ್ಕನ್ನೂ ಅದೇ ದಿನ ಹಾಕಿಸಿದೆ. ಹೆಸರು ಉದ್ದ ಬೆಳೆದು ಅಡ್ಡ ಬಿತ್ತು. ರಾಗಿ ಕುಳ್ಳಾಗಿ ಉಳಿಯಿತು. ಭತ್ತ ತಡ ಮಾಡಿತು. ಗೋಧಿ ಗೆದ್ದಿತು, ಗೇಣುದ್ದ. ಅಂಗಡಿಯ ಎಲ್ಲ ಗೋಧಿಯೂ ಮೊಳೆಯುವುದಿಲ್ಲ, ಒಂದು ಮುಷ್ಟಿ ಮೊದಲೇ ನೆನೆಸಿ ನೋಡಿ. ಹಬ್ಬ ಮುಗಿದ ಮೇಲೆ ಹುಲ್ಲು ದನಕ್ಕೆ. ಗೋದಲಿಯನ್ನು 1223ರಲ್ಲಿ ಇಟಲಿಯ ಗ್ರೆಚ್ಚಿಯೋದಲ್ಲಿ ಮಾಡಿದವರು ಅಸ್ಸಿಸಿಯ ಫ್ರಾನ್ಸಿಸ್ ಅಂತ ಆಗಲೇ ಹೇಳಿಬಿಟ್ಟೆ. ಅವರನ್ನು ಗೋವಾಕ್ಕೆ ಕಳಿಸುವುದು ಅಲ್ಲಿಗೆ ನಿಂತಿತು.

ಈಗ ವರ್ಷದ ಖರ್ಚು ಎಂಟುನೂರು, ಒಂಬೈನೂರು. ಪ್ರಾರ್ಥನೆ ಬಾಯಿಪಾಠವೂ ಹಿಂದಿಗಿಂತ ಕಡಿಮೆಯೇನೂ ಆಗಿಲ್ಲ. ಕಳೆದ ಬಾಯಿಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಸಿಸ್ಟರ್ ಪ್ರಶ್ನೆ ಮುಗಿಸಿದರೂ ಮಕ್ಕಳು ಕಥೆ ಮುಗಿಸಲಿಲ್ಲ.

ಮುಂದಿನ ವರ್ಷಕ್ಕೆ 2022ರಲ್ಲಿ ಸಂತರಾದ, ತಮಿಳುನಾಡಿನ ದೇವಸಹಾಯಂ ಅವರನ್ನು ಸೇರಿಸಬೇಕು. ಹಬ್ಬ ಜನವರಿ 14, ವಾಜರ ಹಬ್ಬಕ್ಕೆ ಎರಡೇ ದಿನ ಮೊದಲು. ಇಬ್ಬರ ಹೆಸರಿನಲ್ಲೂ ಬಂಡೆಯಿಂದ ನೀರು ಚಿಮ್ಮಿದ ಕಥೆ ಇದೆ. ಹಾಗಾಗಿ ಎರಡೂ ಸೇರಿಸಿ, ಅದೇ ತಿಂಗಳ ಕೊನೆಗೆ ಅತ್ತೂರು ಜಾತ್ರೆಗೆ ನಡೆದು ಹೋಗುವವರಿಗೆ ಬೆಲ್ಲ, ನೀರು ಕೊಡುವ ಯೋಚನೆ. ಲೋಟ ಪ್ಲಾಸ್ಟಿಕ್ ಆಗಬಾರದು. ಹಾಳೆಯ ದೊನ್ನೆಯನ್ನು ಮಕ್ಕಳ ಕೈಯಲ್ಲಿ ಎಷ್ಟು ಮಾಡಿಸಲು ಸಾಧ್ಯ ಅಂತ ಈಗ ಲೆಕ್ಕ ಹಾಕುತ್ತಿದ್ದೇನೆ.