ನಿದ್ದೆಯ ಕೀರ್ದಿ ಬರೆದ ಮೂರು ತಿಂಗಳು

ಕಲಬುರಗಿಯ ನೆಹರೂ ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಹೊಸ ತೊಗರಿ ಬರುವ ಜನವರಿಯಲ್ಲಿ ಒಬ್ಬ ರೈತರ ಪಟ್ಟಿಯಲ್ಲಿ 31 ಕ್ವಿಂಟಲ್ ಇದ್ದದ್ದನ್ನು 13 ಅಂತ ಬರೆದುಬಿಟ್ಟೆ. ಅವರು ಪಟ್ಟಿ ಎರಡು ಸಲ ತಿರುವಿ ನೋಡಿ, "ಅಣ್ಣಾವ್ರ, ನನ್ನ ಹದಿನೆಂಟು ಕ್ವಿಂಟಲ್ ಎಲ್ಲಿ ಹೋತ್ರಿ?" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ಮುಖ ಬಾಡಿದ್ದು ಇವತ್ತಿಗೂ ಕಣ್ಣ ಮುಂದಿದೆ.

ಎಂಟು ತಿಂಗಳಿಂದ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ. ಒಂಬತ್ತೂವರೆಗೇ ದೀಪ ಆರಿಸಿ ಮಲಗುತ್ತಿದ್ದೆ. ಹನ್ನೆರಡರ ತನಕ ಹೊರಳಾಟ, ಎರಡೂವರೆಗೆ ಮತ್ತೆ ಎಚ್ಚರ. ಬೆಳಗಿನ ಆಜಾನ್ ಕೇಳಿಸುವ ಹೊತ್ತಿಗೆ ಕಣ್ಣಿಗೆ ಜೊಂಪು ಹತ್ತೋದು. ಹಗಲು ಮಾತು ಮಾತಿಗೆ ಸಿಟ್ಟು, ಸಂಜೆಯಾದರೆ ಸಿಹಿ ತಿನ್ನುವ ಹಪಹಪಿ. ಬಿಪಿ 150/96 ಬಂತು. ಒಳ್ಳೆಯ ನಿದ್ದೆಯಲ್ಲಿ ರಾತ್ರಿ ಬಿಪಿ ಇಳಿದು ಹೃದಯ, ರಕ್ತನಾಳಗಳಿಗೆ ವಿಶ್ರಾಂತಿ ಸಿಗುತ್ತದೆ, ನಿಮಗದು ಸಿಗುತ್ತಿಲ್ಲ ಎಂದರು ಡಾಕ್ಟರು. ಗೊರಕೆ ಹೊಡೆಯುತ್ತಾರಾ, ಉಸಿರು ಕಟ್ಟಿದಂತಾಗುತ್ತದಾ ಎಂದು ನನ್ನ ಹೆಂಡತಿಯನ್ನು ಕೇಳಿದರು. ಥೈರಾಯ್ಡ್ ನೋಡಿದರು. ಎರಡೂ ಇರಲಿಲ್ಲ. ನಾನು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ನುಂಗುತ್ತಿದ್ದ ನಿದ್ದೆ ಗುಳಿಗೆಯ ವಿಷಯವನ್ನೂ ಹೇಳಿದೆ. ತಟ್ಟನೆ ಬಿಡಬಾರದು ಎಂದು ಅವರೇ ಹಂತಹಂತವಾಗಿ ಇಳಿಸಿದರು.

ಮೊದಲು ಎರಡು ವಾರ ಒಂದು ವಹಿಯಲ್ಲಿ ಬರೆಯಲು ಹೇಳಿದರು: ಮಲಗಿದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು, ಎದ್ದದ್ದು. ಗಂಜ್‌ನವನಿಗೆ ಕೀರ್ದಿ ಬರೆಯುವುದು ಕಷ್ಟವಲ್ಲ. ಕೂಡಿ ನೋಡಿದಾಗ ಹಾಸಿಗೆಯಲ್ಲಿ ಕಳೆದದ್ದು ಎಂಟೂವರೆ ತಾಸು, ನಿದ್ದೆ ಐದು ತಾಸಿನ ಆಸುಪಾಸು. ಉಳಿದ ಮೂರೂವರೆ ತಾಸು ಹಾಸಿಗೆಯಲ್ಲಿ ಚಿಂತೆಯನ್ನೇ ಸಾಕುತ್ತಿದ್ದೆ. ಹಾಸಿಗೆ ಕಂಡರೇ ಎಚ್ಚರವಾಗುವುದನ್ನು ಮನಸ್ಸು ರೂಢಿ ಮಾಡಿಕೊಂಡಿತ್ತು.

ಅದಕ್ಕೆ ಅವರು ಹೇಳಿದ್ದು ನನಗೆ ಉಲ್ಟಾ ಅನ್ನಿಸಿತು: ಹನ್ನೆರಡಕ್ಕೆ ಮುಂಚೆ ಮಲಗಬೇಡಿ, ಐದೂವರೆಗೆ ಎದ್ದುಬಿಡಿ, ಭಾನುವಾರವೂ. ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕೂತುಕೊಳ್ಳಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ಮೊದಲ ಹತ್ತು ದಿನ ನರಕ. ಹನ್ನೊಂದಕ್ಕೆ ತೂಕಡಿಕೆ ತಡೆಯಲಾಗದೆ ಅಂಗಳದಲ್ಲಿ ಅಡ್ಡಾಡುತ್ತಿದ್ದೆ. ನಡುರಾತ್ರಿ ಹೊರಳಿದರೆ ಹೆಂಡತಿ, "ಏಳ್ರಿ, ಹೊರಗ ಕುಂದ್ರಿ, ನಿದ್ದಿ ಬಂದ್ ಮ್ಯಾಲ ಬರ್ರಿ" ಅನ್ನೋಳು. ಆ ದಿನಗಳಲ್ಲಿ ಹಗಲು ಮಂಪರು ಹೆಚ್ಚುವುದರಿಂದ ಬೈಕ್ ಮುಟ್ಟಲಿಲ್ಲ, ಆಟೋದಲ್ಲೇ ಗಂಜ್‌ಗೆ ಹೋದೆ. ಇದನ್ನು ಮಾಡುವವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೂರ್ಛೆ ರೋಗ ಇದ್ದವರಂತೂ ಡಾಕ್ಟರನ್ನು ಕೇಳದೆ ನಿದ್ದೆಯ ಹೊತ್ತು ಕಡಿತ ಮಾಡಲೇಬಾರದು.

ಮೂರನೇ ವಾರ ಹಾಸಿಗೆಯ ಹೊತ್ತಿನಲ್ಲಿ ನೂರಕ್ಕೆ 85 ಪಾಲು ನಿದ್ದೆ ಬಿತ್ತು. ಆಗ ಹದಿನೈದು ನಿಮಿಷ ಮುಂಚೆ ಮಲಗಲು ಪರವಾನಗಿ. ಹೀಗೇ ಕಾಲು ತಾಸು, ಕಾಲು ತಾಸು ಗಳಿಸಿಕೊಂಡೆ.

ಚಹಾ ಬಿಡುವುದು ಇದಕ್ಕಿಂತ ಕಷ್ಟವಾಯಿತು. ಗಂಜ್‌ನಲ್ಲಿ ಯಾರೇ ಬಂದರೂ ಚಹಾ, ದಿನಕ್ಕೆ ಹತ್ತು ಕಪ್ ಆಗುತ್ತಿತ್ತು. ಕುಡಿದು ಐದಾರು ತಾಸಾದರೂ ಅದರ ಕೆಫೀನ್ ಅರ್ಧದಷ್ಟು ಮೈಯಲ್ಲೇ ಉಳಿಯಬಹುದಂತೆ. ಮಧ್ಯಾಹ್ನ ಎರಡರ ಮೇಲೆ ಮಜ್ಜಿಗೆ ತರಿಸಿಕೊಳ್ಳತೊಡಗಿದೆ. ಊಟದ ಮೇಲಿನ ಮಲಗುವಿಕೆಯನ್ನೂ ಬಿಟ್ಟೆ.

ಏಪ್ರಿಲ್ ಬಂದಾಗ ಮತ್ತೆ ಕೆಟ್ಟಿತು. ನಮ್ಮದು ಶಹಾಬಾದ್ ಕಲ್ಲಿನ ಮಾಳಿಗೆ. ಹಗಲೆಲ್ಲ ಕಾದ ಕಲ್ಲು ನಡುರಾತ್ರಿಯವರೆಗೂ ಝಳ ಬಿಡುತ್ತದೆ, ಅಂಗೈ ಇಟ್ಟರೆ ರೊಟ್ಟಿ ಹಂಚಿನ ನೆನಪು. ನಿದ್ದೆ ಹತ್ತಬೇಕಾದರೆ ಒಳಮೈ ಸ್ವಲ್ಪ ತಣಿಯಬೇಕು. ಸಂಜೆ ಆರಕ್ಕೆ ಮಾಳಿಗೆಗೆ ನಾಲ್ಕು ಕೊಡ ನೀರು ಹೊಯ್ದು, ರಾತ್ರಿ ಸೊಳ್ಳೆ ಪರದೆ ಕಟ್ಟಿ ಅಲ್ಲೇ ಮಲಗಿದೆವು. ಮಲಗುವ ಮುನ್ನ ಉಗುರುಬೆಚ್ಚಗಿನ ನೀರಿನ ಸ್ನಾನ ಮಾಡುತ್ತಿದ್ದೆ. ತಣ್ಣೀರಿಗಿಂತ ನನಗೆ ಅದೇ ಹಿತವಾಯಿತು.

ಈಗ ಹನ್ನೊಂದರಿಂದ ಐದೂವರೆ, ಅದರಲ್ಲಿ ಆರು ತಾಸು ಗಟ್ಟಿ ನಿದ್ದೆ. ಬಿಪಿ ಗುಳಿಗೆ ಮುಂದುವರಿದಿದೆ, ಆದರೆ ಅಂಕಿ ಹತೋಟಿಯಲ್ಲಿದೆ. ನಮ್ಮ ಅಣ್ಣನಿಗೂ ಇದೇ ಹೇಳಲು ಹೋದೆ. ಅವರದು ಜೋರು ಗೊರಕೆ, ನಡುನಡುವೆ ಉಸಿರು ನಿಂತು ಬೆಚ್ಚಿ ಏಳುತ್ತಾರೆ. ಅಂಥವರಿಗೆ ಇದಲ್ಲ, ಮೊದಲು ನಿದ್ದೆಯಲ್ಲಿನ ಉಸಿರಾಟದ ಪರೀಕ್ಷೆ ಆಗಬೇಕು ಎಂದು ಡಾಕ್ಟರು ತಡೆದರು. ಮುಂದಿನ ವಾರ ಅವರನ್ನು ಕರೆದುಕೊಂಡು ಹೋಗುತ್ತಿದ್ದೇನೆ.